ಊರಿನ ಹೊರಗೆ ಸೈಟು ಹಾಕುವ ಮುನ್ನ ಒಳಗಿನ ಜಾಗ ತುಂಬಲಿ

ಮಾನ್ಯ ಸಂಪಾದಕರೇ,

ಬಳ್ಳಾರಿಯ ಹೊರವಲಯದ ಹೊಸ ಲೇಔಟುಗಳ ಜಾಹೀರಾತುಗಳು ಪತ್ರಿಕೆಗಳಲ್ಲಿಯೂ ಸಿರುಗುಪ್ಪ ರಸ್ತೆ, ಹೊಸಪೇಟೆ ರಸ್ತೆ, ಬೆಂಗಳೂರು ರಸ್ತೆಗಳ ಬದಿಯ ಫಲಕಗಳಲ್ಲಿಯೂ ಬಿಡುವಿಲ್ಲದೆ ಕಾಣಿಸಿಕೊಳ್ಳುತ್ತಿವೆ. ಪೇಟೆಯ ಗದ್ದಲದಿಂದ ದೂರ, ಸುತ್ತಲೂ ಅಂಗಳವಿರುವ ಒಂಟಿ ಮನೆ, ಎರಡು ಕಾರು ನಿಲ್ಲಿಸುವ ಜಾಗ, ವಿದೇಶಿ ಮಾದರಿಯ ಬಡಾವಣೆ ಎಂಬುದು ಅವುಗಳ ಸಾಮಾನ್ಯ ಒಕ್ಕಣೆ. ಮನೆಗಳ ನಕ್ಷೆ ಬರೆದು ಪರವಾನಗಿ ಮಾಡಿಸಿಕೊಡುವುದು ನನ್ನ ಕಸುಬಾದ್ದರಿಂದ ಇಂಥ ಸೈಟು ಕೊಂಡವರು ನನ್ನಲ್ಲಿಗೆ ಬರುತ್ತಿರುತ್ತಾರೆ. ಅವರಲ್ಲಿ ಎಷ್ಟೋ ಜನರ ಮಕ್ಕಳು ಅಮೆರಿಕದಲ್ಲಿಯೋ ಕೆನಡಾದಲ್ಲಿಯೋ ಇದ್ದು, ಅಲ್ಲಿನ ಮನೆಗಳ ಫೋಟೊಗಳನ್ನು ಫೋನಿನಲ್ಲಿ ತೋರಿಸಿ, ನಮ್ಮೂರು ಇನ್ನಾದರೂ ಹೀಗಾಗಬೇಕೆಂದು ಹೇಳುತ್ತಾರೆ. ಅವರ ಆಸೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದೇ ಅಮೆರಿಕ, ಅದೇ ಕೆನಡಾಗಳ ವೇಗವಾಗಿ ಬೆಳೆಯುತ್ತಿರುವ ನಗರಗಳು ಆ ಮಾದರಿಯಿಂದ ಹೊರಬರಲು ತಮ್ಮ ಕಾನೂನುಗಳನ್ನೇ ತಿದ್ದುತ್ತಿವೆ ಎಂಬ ಸಂಗತಿ ನಮ್ಮಲ್ಲಿ ಚರ್ಚೆಗೇ ಬಂದಿಲ್ಲವಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಒಂಟಿ ಮನೆಗಳು ಮೈಲಿಗಟ್ಟಲೆ ಹರಡಿಕೊಂಡ ಆ ನಗರಗಳು ಜನರ ಇಷ್ಟದಿಂದ ಮಾತ್ರ ಹಾಗಾದವುಗಳಲ್ಲ. ಮನೆ ಎಲ್ಲಿ, ಅಂಗಡಿ ಎಲ್ಲಿ, ಕಾರ್ಖಾನೆ ಎಲ್ಲಿ ಎಂದು ನಗರಾಡಳಿತವೇ ಗೆರೆ ಎಳೆಯುವ ಜೋನಿಂಗ್ ಪದ್ಧತಿಯನ್ನು ಅಮೆರಿಕದ ಸುಪ್ರೀಂ ಕೋರ್ಟ್ 1926ರಲ್ಲಿ ಎತ್ತಿಹಿಡಿಯಿತು. 1934ರಿಂದ ಸರ್ಕಾರದ ಖಾತರಿಯ ಗೃಹಸಾಲ ಹೊರವಲಯದ ಒಂಟಿ ಮನೆಗಳತ್ತ ಹರಿಯಿತು. 1956ರ ಹೆದ್ದಾರಿ ಕಾಯ್ದೆ ಆ ಮನೆಗಳಿಂದ ಪೇಟೆಗೆ ಕಾರಿನಲ್ಲಿ ಬರುವ ದಾರಿ ಮಾಡಿಕೊಟ್ಟಿತು. ಟ್ರಾಮುಗಳು ಒಂದೊಂದಾಗಿ ನಿಂತವು. ಲಾಸ್ ಏಂಜಲಿಸ್‌ನ ಹೊರ ಊರುಗಳನ್ನು ಬೆಸೆದಿದ್ದ ವಿದ್ಯುತ್ ರೈಲು ಜಾಲದ ಕೊನೆಯ ಗಾಡಿಯೂ 1961ರಲ್ಲಿ ನಿಂತುಹೋಗಿ, ಅಲ್ಲಿ ಮತ್ತೆ ನಗರ ರೈಲು ಓಡಲು 1990ರವರೆಗೆ ಕಾಯಬೇಕಾಯಿತು. ಕಾಲ ಕಳೆದಂತೆ ಅನೇಕ ಅಮೆರಿಕನ್ ನಗರಗಳ ವಸತಿ ಭೂಮಿಯ ಮುಕ್ಕಾಲು ಪಾಲಿನಲ್ಲಿ ಒಂದು ಸೈಟಿಗೆ ಒಂದೇ ಮನೆ ಎಂಬುದು ಕಾನೂನಾಗಿಬಿಟ್ಟಿತು. ಅಣ್ಣತಮ್ಮಂದಿರು ಒಂದೇ ಸೈಟಿನಲ್ಲಿ ಮೇಲೊಂದು ಕೆಳಗೊಂದು ಮನೆ ಮಾಡಿಕೊಳ್ಳುವುದು, ಮನೆಯ ಮುಂಭಾಗದಲ್ಲಿ ಕಿರಾಣಿ ಅಂಗಡಿ ಇಡುವುದು ಮುಂತಾಗಿ ಬಳ್ಳಾರಿಯ ಯಾವ ಓಣಿಯಲ್ಲಾದರೂ ಕಾಣುವ ವ್ಯವಸ್ಥೆ ಅಲ್ಲಿ ಅಪರಾಧವಾಯಿತು.

ಈಗ ಅದರ ಫಲವನ್ನು ಅವರು ಉಣ್ಣುತ್ತಿದ್ದಾರೆ. ಉದ್ಯೋಗವಿರುವ ನಗರಗಳಲ್ಲಿ ಮನೆ ಸಿಗದು, ಸಿಕ್ಕಿದ ಮನೆಗೆ ಸಂಬಳದ ದೊಡ್ಡ ಪಾಲು ಹೋಗುತ್ತದೆ, ಹಾಲು ತರಲೂ ಕಾರು ಬೇಕು. ಆದ್ದರಿಂದ ಮಿನಿಯಾಪೊಲಿಸ್ ನಗರ 2018ರಲ್ಲಿ ಒಪ್ಪಿದ ಯೋಜನೆಯಲ್ಲಿ ಒಂದು ಸೈಟಿಗೆ ಒಂದೇ ಮನೆ ಎಂಬ ನಿಯಮವನ್ನು ತೆಗೆದು ಮೂರು ಮನೆಗಳವರೆಗೆ ಅವಕಾಶ ಕೊಟ್ಟಿತು. ಮರುವರ್ಷ ಒರೆಗಾನ್ ರಾಜ್ಯ ತನ್ನ ದೊಡ್ಡ ನಗರಗಳಲ್ಲಿ ನಾಲ್ಕು ಮನೆಗಳವರೆಗೆ ಕಟ್ಟಲು ಬಿಡಬೇಕೆಂದು ಶಾಸನ ಮಾಡಿತು. ಹ್ಯೂಸ್ಟನ್ 1998ರಲ್ಲಿಯೇ ತನ್ನ ಒಳಪ್ರದೇಶದಲ್ಲಿ ಸೈಟಿನ ಕನಿಷ್ಠ ಅಳತೆಯನ್ನು 5,000 ಚದರ ಅಡಿಯಿಂದ 1,400ಕ್ಕೆ ಇಳಿಸಿ, 2013ರಲ್ಲಿ ಅದನ್ನು ಉಳಿದ ಭಾಗಗಳಿಗೂ ವಿಸ್ತರಿಸಿತು. ಹಳೆಯ ಒಂದು ಮನೆಯ ಜಾಗದಲ್ಲಿ ಮೂರು ಸಾಲುಮನೆಗಳು ಎದ್ದ ಬೀದಿಗಳು ಅಲ್ಲಿ ಈಗ ಸಾಮಾನ್ಯ. ಆಸ್ಟಿನ್ ನಗರ 2023ರಲ್ಲಿ ಒಂದು ಸೈಟಿಗೆ ಮೂರು ಮನೆ ಒಪ್ಪಿ, ಕಟ್ಟಡಕ್ಕೆ ಇಂತಿಷ್ಟು ಕಾರು ನಿಲ್ಲಿಸುವ ಜಾಗ ಕಡ್ಡಾಯವೆಂಬ ಷರತ್ತನ್ನು ಕೈಬಿಟ್ಟು, ಮರುವರ್ಷ ಕನಿಷ್ಠ ಸೈಟನ್ನು 5,750ರಿಂದ 1,800 ಚದರ ಅಡಿಗೆ ತಂದಿತು. ಅದಕ್ಕೂ ಮೊದಲೇ ಅಲ್ಲಿ ಅಪಾರ್ಟ್‌ಮೆಂಟುಗಳು ಭರದಿಂದ ಎದ್ದಿದ್ದರಿಂದ ಏರುತ್ತಲೇ ಇದ್ದ ಬಾಡಿಗೆಗಳು ಗಣನೀಯವಾಗಿ ಇಳಿದಿವೆ. ನಮ್ಮ ಮೂವತ್ತು ನಲವತ್ತರ ಸೈಟು 1,200 ಚದರ ಅಡಿ ಎಂಬುದನ್ನು ಓದುಗರು ಇಲ್ಲಿ ನೆನೆಯಬೇಕು. ಶ್ರೀಮಂತ ದೇಶದ ನಗರಗಳು ಎಷ್ಟೋ ದಶಕ ಸುತ್ತಿ ನಮ್ಮ ಸಾಮಾನ್ಯ ಸೈಟಿನ ಅಳತೆಯ ಹತ್ತಿರಕ್ಕೆ ಬಂದು ನಿಂತಿರುವಾಗ, ನಾವು ಅವರು ಬಿಟ್ಟುಬಂದ ಅಂಗಳಗಳತ್ತ ಹೊರಟಿದ್ದೇವೆ.

ಗಡಿ ಹಿಗ್ಗಿಸದೆ ಊರು ಬೆಳೆಯಲಾರದೆಂಬ ನಂಬಿಕೆಗೆ ಸಿಯಾಟಲ್ ಒಳ್ಳೆಯ ಉತ್ತರ. 2010ರ ಜನಗಣತಿಯಲ್ಲಿ 6.08 ಲಕ್ಷವಿದ್ದ ಅಲ್ಲಿನ ಜನಸಂಖ್ಯೆ 2020ರಲ್ಲಿ 7.37 ಲಕ್ಷಕ್ಕೆ ಏರಿತು. ಹತ್ತೇ ವರ್ಷಗಳಲ್ಲಿ ಬಂದ ಒಂದೂಕಾಲು ಲಕ್ಷಕ್ಕೂ ಹೆಚ್ಚು ಜನರನ್ನು ಆ ನಗರ ಹೊಸ ಹೊಲಗಳ ಮೇಲೆ ಕೂರಿಸದೆ, ಹೆಚ್ಚುಕಡಿಮೆ ಇದ್ದ ಗಡಿಯೊಳಗೇ ಸೇರಿಸಿಕೊಂಡಿತು. ಬೆಳವಣಿಗೆಯನ್ನು ಅಂಗಡಿ, ಬಸ್ಸು, ಗ್ರಂಥಾಲಯಗಳಿರುವ ಕೆಲವು ಒಳಕೇಂದ್ರಗಳಿಗೆ ತರಬೇಕೆಂದು ಅದು 1994ರ ಯೋಜನೆಯಲ್ಲಿಯೇ ಗುರುತು ಹಾಕಿಕೊಂಡು, 2009ರಿಂದ ಅವುಗಳಲ್ಲಿ ಹಲವನ್ನು ರೈಲಿನಿಂದ ಜೋಡಿಸುತ್ತ ಬಂದಿದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತ ಇನ್ನೂ ಮುಂದೆ ಹೋಗಿ 2023ರಲ್ಲಿ ಕಾಯ್ದೆ ಮಾಡಿತು: ವ್ಯಾಂಕೂವರ್ ಸುತ್ತಲಿನ ಸ್ಕೈಟ್ರೇನ್ ಎಂಬ ನಗರ ರೈಲಿನ ನಿಲ್ದಾಣದಿಂದ 200 ಮೀಟರ್ ಒಳಗೆ 20 ಅಂತಸ್ತು, 400 ಮೀಟರ್ ಒಳಗೆ 12, 800 ಮೀಟರ್ ಒಳಗೆ 8 ಅಂತಸ್ತಿನವರೆಗಿನ ವಸತಿ ಕಟ್ಟಡವನ್ನು ಎತ್ತರ ಹೆಚ್ಚಾಯಿತೆಂಬ ಕಾರಣಕ್ಕೆ ಸ್ಥಳೀಯ ಆಡಳಿತ ತಡೆಯುವಂತಿಲ್ಲ. ಯಾವ ಬಡಾವಣೆಗೆ ಎಷ್ಟು ಎತ್ತರ ಎಂಬ ಪ್ರಶ್ನೆಯನ್ನು ಅಲ್ಲಿ ನಿಲ್ದಾಣಕ್ಕಿರುವ ನಡಿಗೆಯ ದೂರದಿಂದ ಅಳೆಯಲಾಗಿದೆ. ಇಷ್ಟು ಸರಳವಾದ, ಯಾರಿಗೂ ಅರ್ಥವಾಗುವ ಅಳತೆಗೋಲನ್ನು ನನ್ನ ಕಸುಬಿನ ಬೇರೆ ಯಾವ ನಿಯಮದಲ್ಲಿಯೂ ನಾನು ಕಂಡಿಲ್ಲ.

ಆದರೆ ಬಳ್ಳಾರಿಯವರು ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದ ನಗರ ಕೆನಡಾದ ಕ್ಯಾಲ್ಗರಿ ಎಂದು ನನ್ನ ಅಭಿಪ್ರಾಯ. ನಮಗೆ ಅದಿರು ಇದ್ದಂತೆ ಅದಕ್ಕೆ ಎಣ್ಣೆ. ಎಣ್ಣೆಯ ದುಡ್ಡು ಹರಿದ ವರ್ಷಗಳಲ್ಲಿ ಆ ನಗರ ಹುಲ್ಲುಗಾವಲಿನ ಮೇಲೆ ಸುತ್ತಲೂ ಹರಡಿತು, ನಡುವೆ ಗಾಜಿನ ಕಚೇರಿ ಗೋಪುರಗಳೆದ್ದವು. 2014ರಿಂದ ಎಣ್ಣೆಯ ಬೆಲೆ ಕುಸಿದಾಗ ಪೇಟೆಯ ಕಚೇರಿ ಜಾಗದಲ್ಲಿ ಸುಮಾರು ಶೇ 30ರಷ್ಟು ಖಾಲಿ ಬಿತ್ತು. ಆಗ ನಗರಾಡಳಿತ ಕೈಕಟ್ಟಿ ಕೂರದೆ, ಖಾಲಿ ಕಚೇರಿಗಳನ್ನು ಮನೆಗಳಾಗಿ ಪರಿವರ್ತಿಸುವವರಿಗೆ ಚದರ ಅಡಿಗೆ 75 ಡಾಲರ್ ನೆರವು ಕೊಡುವ ಯೋಜನೆಯನ್ನು 2021ರಲ್ಲಿ ಆರಂಭಿಸಿತು. ಕಟ್ಟಡ ಇದೆ, ನೀರಿನ ಕೊಳವೆ ಇದೆ, ರೈಲು ಬಾಗಿಲಲ್ಲೇ ಓಡುತ್ತಿದೆ. ಇಲ್ಲದಿರುವುದು ಜನ ಮಾತ್ರ ಎಂಬ ಸರಿಯಾದ ಲೆಕ್ಕಾಚಾರ ಅದರ ಹಿಂದಿತ್ತು. 2024ರಲ್ಲಿ ಊರಿನುದ್ದಕ್ಕೂ ಜೋಡಿ ಮನೆ, ಸಾಲುಮನೆಗಳಿಗೆ ಅವಕಾಶ ಕೊಡುವ ಪ್ರಸ್ತಾವ ಬಂದಾಗ, ದಿನಗಟ್ಟಲೆ ನಡೆದ ಬಹಿರಂಗ ವಿಚಾರಣೆಯಲ್ಲಿ ನೂರಾರು ನಾಗರಿಕರು ಪರವಾಗಿಯೂ ವಿರುದ್ಧವಾಗಿಯೂ ಮಾತನಾಡಿದರು. ಪ್ರಸ್ತಾವ ಅಂಗೀಕಾರವಾಯಿತಾದರೂ ವಿರೋಧ ನಿಲ್ಲಲಿಲ್ಲ. 2025ರ ನಗರ ಚುನಾವಣೆಯಲ್ಲಿ ಅದೇ ದೊಡ್ಡ ವಿಷಯವಾಯಿತು.

ಬಳ್ಳಾರಿಯಲ್ಲಿ ಗಣಿಗಾರಿಕೆ ಉತ್ತುಂಗದಲ್ಲಿದ್ದಾಗ ಊರ ಸುತ್ತಲಿನ ಎರೆಹೊಲಗಳು ಸೈಟುಗಳಾದ ವೇಗವನ್ನು ಆ ಕಾಲ ಕಂಡವರು ಮರೆತಿರಲಾರರು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಗಣಿಗಾರಿಕೆಯನ್ನು ನಿಲ್ಲಿಸಿದ ಮೇಲೆ ದುಡ್ಡಿನ ಹರಿವು ಇಳಿಯಿತು, ಸೈಟುಗಳು ಹಾಗೆಯೇ ಉಳಿದವು. ಇಂದಿಗೂ ಊರಿನಂಚಿನ ಅಂಥ ಲೇಔಟಿಗೆ ಅಳತೆಗೆಂದು ಟೇಪು ಹಿಡಿದು ಹೋದರೆ ಮೊದಲು ಬಳ್ಳಾರಿ ಜಾಲಿಯನ್ನು ಕಡಿಸಿ ದಾರಿ ಮಾಡಿಕೊಳ್ಳಬೇಕು. ಕೆಂಪು ಬಣ್ಣ ಬಳಿದ ಮೂಲೆಗಲ್ಲುಗಳು ಅರ್ಧ ಮಣ್ಣಿನಲ್ಲಿ ಹೂತಿರುತ್ತವೆ. ದೀಪವಿಲ್ಲದ ಕಂಬಗಳು ಸಾಲಾಗಿ ನಿಂತಿರುತ್ತವೆ. ಕಟ್ಟಿದ ಮೋರಿಗೆ ಮುಂದೆ ಎಲ್ಲಿಯೂ ಕೂಡಿಕೆಯೇ ಇಲ್ಲದೆ ಮಳೆಗಾಲದ ನೀರು ಅಲ್ಲೇ ಮಡುಗಟ್ಟಿ ಎರೆಮಣ್ಣು ಮೊಣಕಾಲವರೆಗೆ ಹಿಡಿಯುತ್ತದೆ. ಹತ್ತು ಸೈಟುಗಳ ನಡುವೆ ಮನೆ ಕಟ್ಟಿಕೊಂಡ ಒಂದೋ ಎರಡೋ ಕುಟುಂಬಗಳು ಟ್ಯಾಂಕರ್ ನೀರಿಗೆ ದುಡ್ಡು ತೆತ್ತು, ಸಂಜೆ ಮಕ್ಕಳನ್ನು ಹೊರಗೆ ಬಿಡಲು ಹಾವಿಗೆ ಹೆದರಿ, ಇದ್ದ ಊರನ್ನು ಬಿಟ್ಟು ಬಂದೆವಲ್ಲ ಎಂದು ಕೊರಗುವುದನ್ನು ನಾನು ಅವರ ಜಗಲಿಯಲ್ಲಿ ಕೂತು ಕೇಳಿದ್ದೇನೆ. ಇಂಥ ಲೇಔಟುಗಳು ತುಂಬುವ ಮೊದಲೇ ಅವುಗಳಾಚೆಗೆ ಮತ್ತೊಂದು ಸುತ್ತು ಲೇಔಟುಗಳಿಗೆ ಅನುಮೋದನೆ ಕೊಡುವುದು ಯಾರ ಹಿತಕ್ಕೆ ಎಂಬ ಪ್ರಶ್ನೆಯನ್ನು ನಗರಾಭಿವೃದ್ಧಿ ಪ್ರಾಧಿಕಾರದ ಮುಂದೆ ವಿನಯದಿಂದ ಇಡುತ್ತಿದ್ದೇನೆ.

ಖರ್ಚಿನ ಲೆಕ್ಕವನ್ನು ಯಾರಾದರೂ ಹಾಕಿ ನೋಡಬಹುದು. ಮೂವತ್ತು ಅಡಿ ಮುಖದ ಸೈಟುಗಳಿರುವ ಮುನ್ನೂರು ಅಡಿ ಉದ್ದದ ಒಂದು ರಸ್ತೆಯ ಎರಡೂ ಬದಿ ಸೇರಿ ಇಪ್ಪತ್ತು ಸೈಟು. ಐದರಲ್ಲಿ ಮಾತ್ರ ಮನೆಯಿದ್ದರೂ ರಸ್ತೆಯ ಡಾಂಬರು, ಕೊಳವೆ, ಮೋರಿ, ದೀಪ ಇವು ಇಪ್ಪತ್ತು ಮನೆಗಳಿಗೆ ಎಷ್ಟೋ ಅಷ್ಟೇ ಬೇಕು. ಹಾಗಾಗಿ ಒಂದೊಂದು ಮನೆಯ ಪಾಲಿಗೆ ಬೀಳುವ ಖರ್ಚು ನಾಲ್ಕುಪಟ್ಟು. ಅದನ್ನು ಆ ಐದು ಮನೆಯವರು ಕೊಡುವುದಿಲ್ಲ, ಕೊಡಲೂ ಆಗದು. ಬ್ರೂಸ್‌ಪೇಟೆ, ಕೌಲ್‌ಬಜಾರಿನ ಇಕ್ಕಟ್ಟು ಓಣಿಗಳಲ್ಲಿ ನಲ್ಲಿ ನೀರಿಗೆ ದಿನಗಟ್ಟಲೆ ಕಾಯುವವರು ಕಟ್ಟುವ ತೆರಿಗೆಯಿಂದಲೂ ಅದು ಹೋಗುತ್ತದೆ. ನಗರ ಸಾರಿಗೆ ಬಸ್ಸಿಗೂ ಇದೇ ಲೆಕ್ಕ ಸಲ್ಲುತ್ತದೆ. 2023ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸಿನಲ್ಲಿ ಪ್ರಯಾಣ ಉಚಿತವಾಗಿದೆ. ಆದರೆ ಮನೆಗಳು ಚದುರಿದ ಕಡೆಗೆ ಬಸ್ಸು ಓಡಿಸಿದರೆ ತುಂಬದು, ತುಂಬದ ಬಸ್ಸು ನಿಲ್ಲುತ್ತದೆ, ಬಸ್ಸು ನಿಂತ ಲೇಔಟಿನ ಹೆಂಗಸರು ಆಟೊಗೆ ದುಡ್ಡು ಹೊಂದಿಸಬೇಕಾಗುತ್ತದೆ.

ಇನ್ನು ಹೊಲದ ಮಾತು. ನಾವು ಸೈಟು ಮಾಡುತ್ತಿರುವುದು ಬೀಳು ಭೂಮಿಯನ್ನಷ್ಟೇ ಅಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಪೂರ್ಣಗೊಂಡ ಮೇಲೆ ಕಾಲುವೆಗಳ ನೀರು ಕಂಡು ಭತ್ತ, ಹತ್ತಿ, ಮೆಣಸಿನಕಾಯಿ ಬೆಳೆದ ಹೊಲಗಳೂ ಅದರಲ್ಲಿವೆ. ಮೊದಲು 133 ಟಿಎಂಸಿ ಅಡಿ ನೀರು ಹಿಡಿಯುತ್ತಿದ್ದ ಜಲಾಶಯದಲ್ಲಿ ಹೂಳು ತುಂಬಿ ಇಂದು 105 ಟಿಎಂಸಿ ಅಡಿಯ ಆಸುಪಾಸಿಗೆ ಬಂದಿದೆ. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಈ ಭಾಗದ ರೈತರು ಪಟ್ಟ ಆತಂಕ ಇನ್ನೂ ಹಸಿಯಾಗಿದೆ. ಒಂದು ಕಡೆ ನೀರಿಗಾಗಿ ಇಷ್ಟು ಪರದಾಡುತ್ತ, ಇನ್ನೊಂದು ಕಡೆ ಅದೇ ನೀರಿಗೆಂದು ಸಾರ್ವಜನಿಕರ ಹಣದಲ್ಲಿ ಸಿದ್ಧವಾದ ನೆಲವನ್ನು ಜಾಲಿ ಬೆಳೆಯಲು ಬಿಡುವುದು ನನಗೆ ತೀವ್ರ ನೋವು ಕೊಡುವ ಸಂಗತಿ. ಅಮೆರಿಕದ ಪೋರ್ಟ್‌ಲೆಂಡ್ 1979ರಿಂದಲೇ ತನ್ನ ಸುತ್ತ ಬೆಳವಣಿಗೆಯ ಗಡಿ ಹಾಕಿಕೊಂಡು ಅದರಾಚೆಯ ಕೃಷಿ ಭೂಮಿಯನ್ನು ಉಳಿಸಿಕೊಂಡು ಬಂದಿದೆ. ಗಡಿ ಆಗಾಗ ಸ್ವಲ್ಪ ಹಿಗ್ಗಿದ್ದರೂ, ಹಿಗ್ಗಿಸುವ ಮುನ್ನ ಒಳಗೆ ಎಷ್ಟು ಜಾಗ ಉಳಿದಿದೆ ಎಂಬ ಲೆಕ್ಕ ಕೊಡಲೇಬೇಕು. ನಮ್ಮಲ್ಲಿ ಆ ಲೆಕ್ಕವನ್ನು ಕೇಳುವವರೇ ಇಲ್ಲ.

ಮನೆಗಳ ದಟ್ಟಣೆ ಎಂದೊಡನೆ ಇಪ್ಪತ್ತು ಅಂತಸ್ತಿನ ಗೋಪುರಗಳನ್ನು ಕಲ್ಪಿಸಿಕೊಳ್ಳಬೇಕಿಲ್ಲ. ನಮ್ಮ ಹಳೆಯ ಪೇಟೆಗಳ ಮನೆಗಳನ್ನು ನೋಡಿ: ಪಕ್ಕದ ಮನೆಯ ಗೋಡೆಗೆ ಗೋಡೆ ತಾಗಿಸಿ ಕಟ್ಟಿದ್ದು, ಕೆಳಗೆ ಅಂಗಡಿ, ಹಿಂದೆ ಅಡುಗೆಮನೆ, ನಡುವೆ ಬೆಳಕಿಗೆ ತೆರೆದ ಅಂಗಳ, ಮೇಲೆ ಮಗನ ಸಂಸಾರ, ಅದರ ಮೇಲೆ ಬಾಡಿಗೆಯವರು. ಇಕ್ಕಟ್ಟು ಓಣಿಯಲ್ಲಿ ಒಂದು ಮನೆಯ ನೆರಳು ಇನ್ನೊಂದರ ಗೋಡೆಗೆ ಬಿದ್ದು ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿಯೂ ಕೆಳಮನೆ ತಂಪಾಗಿರುತ್ತದೆ. ಆದರೆ ಅಂಥ ಮನೆಯನ್ನು ಇಂದು ಹೊಸದಾಗಿ ಕಟ್ಟಲು ಹೊರಟರೆ ಸುತ್ತ ಜಾಗ ಬಿಡಬೇಕೆಂಬ ನಿಯಮ ಅಡ್ಡ ಬರುತ್ತದೆ. ಮೂವತ್ತು ನಲವತ್ತರ ಸೈಟಿನಲ್ಲಿ ನಾಲ್ಕೂ ಕಡೆ ಮೂರು ಮೂರು ಅಡಿ ಬಿಟ್ಟರೂ 1,200 ಚದರ ಅಡಿಯಲ್ಲಿ ಕಟ್ಟಲು ಉಳಿಯುವುದು 816. ಬಿಟ್ಟ ಸಂದಿಯಲ್ಲಿ ಗಾಳಿ ಆಡುವುದು ಕಡಿಮೆ, ಕಸ ತುಂಬುವುದೇ ಹೆಚ್ಚು. ಪಕ್ಕಗಳ ಸಂದಿಯನ್ನು ತೆಗೆದು, ಅದೇ ಜಾಗವನ್ನು ಒಳ ಅಂಗಳವಾಗಿ ಬಿಡಲು ಅವಕಾಶ ಕೊಟ್ಟರೆ ಬೆಳಕೂ ಉಳಿಯುತ್ತದೆ, ಒಂದು ಮನೆಯ ಜಾಗದಲ್ಲಿ ಎರಡು ಸಂಸಾರಗಳೂ ನೆಮ್ಮದಿಯಿಂದ ಇರುತ್ತವೆ.

ಕೌಲ್‌ಬಜಾರಿನ ಜೀನ್ಸ್ ಹೊಲಿಗೆಯವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅಲ್ಲಿ ಎಷ್ಟೋ ಮನೆಗಳಲ್ಲಿ ಮುಂದಿನ ಕೋಣೆಯಲ್ಲಿ ಎರಡು ಮಷಿನ್ ಹಾಕಿಕೊಂಡು ಗಂಡ ಹೆಂಡತಿ ಇಬ್ಬರೂ ಪೀಸಿನ ಲೆಕ್ಕದಲ್ಲಿ ಹೊಲಿಯುತ್ತಾರೆ. ಕಟಿಂಗ್ ಒಂದು ಓಣಿಯಲ್ಲಿ, ಗುಂಡಿ ಹಾಕುವುದು ಮತ್ತೊಂದು ಓಣಿಯಲ್ಲಿ. ದೇಶದ ಮಾರುಕಟ್ಟೆಗೆ ಬಳ್ಳಾರಿಯ ಹೆಸರನ್ನು ಒಯ್ದ ಈ ಉದ್ದಿಮೆ ನಿಂತಿರುವುದೇ ಮನೆ ಮತ್ತು ಕೆಲಸ ಕೂಗಳತೆಯಲ್ಲಿರುವುದರಿಂದ. 1926ರ ಅಮೆರಿಕದಂತೆ ವಸತಿ ಬೇರೆ, ಕಸುಬು ಬೇರೆ ಎಂದು ನಕ್ಷೆಯಲ್ಲಿ ಬಣ್ಣ ಹಚ್ಚಿ ಇವರನ್ನು ಎಬ್ಬಿಸಿದರೆ ಉದ್ದಿಮೆಯೇ ಕುಸಿಯುತ್ತದೆ. ಬಣ್ಣದ ನೀರು ಬಿಡುವ ವಾಷಿಂಗ್ ಘಟಕಗಳು ಮನೆಗಳಿಂದ ದೂರವಿರಬೇಕೆಂಬುದು ನ್ಯಾಯವೇ. ಹೊಲಿಗೆ ಮಷಿನ್ನು ಯಾರಿಗೂ ತೊಂದರೆ ಮಾಡದು.

ಉತ್ತರ ಅಮೆರಿಕದವರು ಮಾಡಿದ್ದೆಲ್ಲ ಸರಿಯೆಂದು ನಾನು ಹೇಳುತ್ತಿಲ್ಲ. ವ್ಯಾಂಕೂವರ್ ದಶಕಗಳ ಕಾಲ ಕೆಲವೇ ಕಡೆ ಎತ್ತರದ ಗೋಪುರಗಳನ್ನು ಒಪ್ಪಿ, ಉಳಿದ ವಿಶಾಲ ಭಾಗವನ್ನು ಒಂಟಿ ಮನೆಗಳಿಗೇ ಕಾದಿಟ್ಟಿದ್ದರಿಂದ ಅದು ಇಂದಿಗೂ ಜಗತ್ತಿನ ಅತಿ ದುಬಾರಿ ನಗರಗಳಲ್ಲೊಂದು. ಅದರ ಪಕ್ಕದ ಬರ್ನಬಿಯಲ್ಲಿ ಮೆಟ್ರೊಟೌನ್ ನಿಲ್ದಾಣದ ಸುತ್ತ ಗೋಪುರಗಳಿಗಾಗಿ ಮೂರು ಅಂತಸ್ತಿನ ಹಳೆಯ ಬಾಡಿಗೆ ಕಟ್ಟಡಗಳನ್ನು ಕೆಡವಿ, ಕಡಿಮೆ ಬಾಡಿಗೆಯಲ್ಲಿದ್ದ ಕುಟುಂಬಗಳನ್ನು ಹೊರಹಾಕಲಾಯಿತು. ಜನ ಬೀದಿಗಿಳಿದರು. ನಂತರವೇ, ಕೆಡವಿದ ಕಟ್ಟಡದ ಬಾಡಿಗೆದಾರರಿಗೆ ಹೊಸ ಕಟ್ಟಡದಲ್ಲಿ ಹಳೆಯ ಬಾಡಿಗೆಯ ಮಟ್ಟದಲ್ಲಿಯೇ ಮರಳಿ ಮನೆ ಕೊಡಬೇಕೆಂಬ ನೀತಿಯನ್ನು ಆ ನಗರ 2020ರಲ್ಲಿ ತಂದಿತು. ಕೌಲ್‌ಬಜಾರಿನಲ್ಲಿ ಮುಂದೆ ಮರುನಿರ್ಮಾಣದ ಮಾತು ಬಂದರೆ ಈ ಷರತ್ತು ಮೊದಲ ಸಾಲಿನಲ್ಲೇ ಇರಬೇಕು. ಜನ ಬೀದಿಗಿಳಿಯುವವರೆಗೆ ಕಾಯಬಾರದು.

ಹಾಗೆಯೇ ನೀರು, ಒಳಚರಂಡಿಗಳನ್ನು ಬಲಪಡಿಸದೆ ಅಂತಸ್ತು ಏರಿಸಲು ಬಿಟ್ಟರೆ ಈಗಿರುವ ಕಷ್ಟ ಇಮ್ಮಡಿಯಾಗುತ್ತದೆ ಎಂಬ ಆಕ್ಷೇಪವನ್ನು ನಾನು ಪೂರ್ಣವಾಗಿ ಒಪ್ಪುತ್ತೇನೆ. ಅಲ್ಲೀಪುರ ಕೆರೆಯಿಂದ ಬರುವ ನೀರು ಊರಿನೊಳಗಿನ ಹಳೆಯ ಕೊಳವೆಗಳಲ್ಲಿ ಸೋರದಂತೆ ಮಾಡುವುದೇ ಮೊದಲ ಕೆಲಸ. ಆದರೆ ಅದಕ್ಕೆ ಬೇಕಾದ ಹಣ ಹೊರವಲಯದ ಖಾಲಿ ರಸ್ತೆಗಳ ಕೊಳವೆಗೆ ಹೋಗುತ್ತಿರುವವರೆಗೂ ಒಳಗಿನ ಕೊಳವೆ ಬದಲಾಗದು. ಎರಡನ್ನೂ ಒಟ್ಟಿಗೆ ಮಾಡುವಷ್ಟು ಹಣ ಪಾಲಿಕೆಯ ಬಳಿ ಇಲ್ಲ.

ಆದ್ದರಿಂದ ನನ್ನ ಕೋರಿಕೆ ಹೀಗಿದೆ. ಈಗಾಗಲೇ ಅನುಮೋದನೆ ಪಡೆದ ಲೇಔಟುಗಳಲ್ಲಿ ಅರ್ಧದಷ್ಟಾದರೂ ಸೈಟುಗಳಲ್ಲಿ ಮನೆ ಏಳುವವರೆಗೆ ಅದೇ ದಿಕ್ಕಿನಲ್ಲಿ ಹೊಸ ಲೇಔಟಿಗೆ ಒಪ್ಪಿಗೆ ಕೊಡಬಾರದು. ವರ್ಷಾನುಗಟ್ಟಲೆ ಖಾಲಿ ಬಿಟ್ಟ ಸೈಟುಗಳಿಗೆ ವರ್ಷ ಕಳೆದಂತೆ ಏರುವ ತೆರಿಗೆ ಹಾಕಿ, ಆ ಹಣವನ್ನು ಹಳೆಯ ವಾರ್ಡುಗಳ ಕೊಳವೆಗೆ ಮೀಸಲಿಡಬೇಕು. ನಿವೃತ್ತಿಯ ಹಣದಲ್ಲಿ ಒಂದೇ ಸೈಟು ಕೊಂಡು ಕಟ್ಟಲಾಗದೆ ಕುಳಿತವರಿಗೆ ಇದರಿಂದ ವಿನಾಯಿತಿ ಇರಲಿ. ನಗರ ಸಾರಿಗೆ ಬಸ್ಸು ಓಡುವ ರಸ್ತೆಗಳಿಂದ ನಡಿಗೆಯ ದೂರದಲ್ಲಿರುವ ಸೈಟುಗಳಿಗೆ ಒಂದು ಅಂತಸ್ತು ಹೆಚ್ಚು ಕೊಟ್ಟು, ಅಲ್ಲಿ ಕಾರು ನಿಲ್ದಾಣದ ಷರತ್ತನ್ನು ಸಡಿಲಿಸಬೇಕು. ಮೆಕ್ಸಿಕೊ ನಗರ 2017ರಲ್ಲಿ ಕಾರಿನ ಜಾಗಕ್ಕೆ ಕನಿಷ್ಠ ಮಿತಿಯನ್ನು ತೆಗೆದು ಗರಿಷ್ಠ ಮಿತಿ ಹಾಕಿರುವುದರಿಂದ, ಇದು ಶ್ರೀಮಂತರಿಗೆ ಮಾತ್ರ ಸಾಧ್ಯವಾದ ಕ್ರಮವೆನ್ನುವಂತಿಲ್ಲ. ನಮ್ಮಲ್ಲಿ ಹೆಚ್ಚಿನ ಮನೆಗಳಲ್ಲಿರುವುದು ಬೈಕು. ಕಾರಿಗಾಗಿ ನೆಲಮಹಡಿಯನ್ನೇ ಬಿಡಬೇಕಾದ ಮನೆಯವರು ಅಂಗಡಿಯ ಬಾಡಿಗೆಯನ್ನು ಕಳೆದುಕೊಳ್ಳುತ್ತಾರೆ.

ಮುಂದಿನ ಮಹಾಯೋಜನೆಯ ಕರಡು ನಕ್ಷೆ ಸಿದ್ಧವಾದಾಗ ಅದನ್ನು ಪ್ರಾಧಿಕಾರದ ಕಚೇರಿಯ ಗೋಡೆಗೆ ಅಂಟಿಸಿ, ಇಂಗ್ಲಿಷ್ ಪ್ರಕಟಣೆ ಕೊಟ್ಟು ಕೈತೊಳೆದುಕೊಂಡರೆ ಸಾಲದು. ಕ್ಯಾಲ್ಗರಿಯಲ್ಲಿ ನೂರಾರು ಜನ ಸರದಿಯಲ್ಲಿ ಕಾದು ಮಾತನಾಡಲು ಸಾಧ್ಯವಾದದ್ದು ತಮ್ಮ ಬೀದಿಗೆ ಏನಾಗಲಿದೆ ಎಂಬುದು ಅವರಿಗೆ ಮೊದಲೇ ತಿಳಿದಿದ್ದರಿಂದ. ಇಲ್ಲಿಯೂ 39 ವಾರ್ಡುಗಳಲ್ಲಿ ಪ್ರತಿಯೊಂದರಲ್ಲಿಯೂ ಆ ವಾರ್ಡಿನ ಭಾಗವನ್ನು ಸರ್ವೆ ನಂಬರು ಓದಲು ಬರುವಷ್ಟು ದೊಡ್ಡದಾಗಿ, ಕನ್ನಡದಲ್ಲಿ ತೂಗುಹಾಕಬೇಕು. ಪೀಸಿನ ಲೆಕ್ಕದಲ್ಲಿ ದುಡಿಯುವವರು ಹಗಲು ಬಂದರೆ ಆ ದಿನದ ಕೂಲಿ ಹೋಗುವುದರಿಂದ ಆಕ್ಷೇಪಣೆಯ ಸಭೆಗಳನ್ನು ಸಂಜೆ ಏಳರ ನಂತರ ಆಯಾ ವಾರ್ಡಿನ ಶಾಲೆಗಳಲ್ಲಿಯೇ ನಡೆಸಬೇಕು. ಆಡಿದ ಮಾತುಗಳನ್ನು ಬರೆದುಕೊಂಡು, ಯಾವುದನ್ನು ಒಪ್ಪಲಾಯಿತು, ಯಾವುದನ್ನು ಏಕೆ ಬಿಡಲಾಯಿತು ಎಂಬುದನ್ನು ಅದೇ ಶಾಲೆಯ ಗೋಡೆಯ ಮೇಲೆ ಪ್ರಕಟಿಸಬೇಕು.

ಇಂತಿ ತಮ್ಮ ವಿಶ್ವಾಸಿ,
ಮನೆ ನಕ್ಷೆಗಾರನಾದ ಓರ್ವ ಓದುಗ
ಗಾಂಧಿನಗರ, ಬಳ್ಳಾರಿ